ಲಿಮಿಟ್ ಬದಲಿಸಿದರೆ 156, ಬದಲಿಸದಿದ್ದರೆ 4: ನಿಶ್ಚಿತ ಅನುಕಲದಲ್ಲಿ ನಾವು ಎಲ್ಲಿ ತಪ್ಪುತ್ತಿದ್ದೇವೆ?

ಪ್ರಶ್ನೆ: ಹಿನ್ನೀರಿನ ಕಡೆಯವಳು, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಶರಾವತಿ ಹಿನ್ನೀರಿನ ಅಂಚಿನಲ್ಲಿ ನಮ್ಮ ಊರು. ನಾನು ಪಿಯುಸಿ ಸೈನ್ಸ್ ಮುಗಿಸಿದ್ದು 1998ರಲ್ಲಿ. ಮುಂದೆ ಬಿಎಸ್ಸಿ ಮಾಡೋ ಆಸೆ ತುಂಬಾ ಇತ್ತು. ಮದುವೆ ಆಯ್ತು, ತೋಟ, ಕೊಟ್ಟಿಗೆ, ಅತ್ತೆ-ಮಾವನ ಆರೈಕೆ ಅಂತ ದಿನ ಹೋಯ್ತು, ಗಣಿತದ ನೋಟ್‌ಬುಕ್ ಅಟ್ಟ ಸೇರಿತು. ಈಗ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯು ಓದ್ತಾ ಇದ್ದಾಳೆ. ರಾತ್ರಿ ಊಟ ಆದಮೇಲೆ ಫೋನ್ ಮಾಡಿ ಆವತ್ತು ಬಿಡಿಸೋಕೆ ಆಗದ ಲೆಕ್ಕ ಓದಿ ಹೇಳ್ತಾಳೆ. ಮನೆಯೊಳಗೆ ಸಿಗ್ನಲ್ ಇಲ್ಲ. ಕೊಟ್ಟಿಗೆ ಹಿಂದಿನ ಧರೆ (ಮಣ್ಣಿನ ದಿಬ್ಬ) ಹತ್ತಿರ ನಿಂತರೆ ಎರಡು ಕಡ್ಡಿ ಬರುತ್ತೆ. ಈ ಮಘೆ ಮಳೇಲಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಫೋನ್. ಲೆಕ್ಕವನ್ನು ಬಾಯಲ್ಲೇ ಹೇಳಿಕೊಳ್ತಾ ಓಡಿಬಂದು ಒಳಗೆ ಬರ್ಕೊಳ್ತೀನಿ. ಅಟ್ಟದಿಂದ ನನ್ನ ಹಳೇ ನೋಟ್‌ಬುಕ್ ಇಳಿಸಿದ್ದೀನಿ. ಒಲೆ ಹೊಗೆ ಹಿಡಿದು ಹಾಳೆ ಎಲ್ಲ ಕಂದು ಬಣ್ಣ, ಅಕ್ಷರ ಮಾತ್ರ ಹಾಗೇ ಇದೆ.

ಈಗ ನಡೀತಿರೋದು ನಿಶ್ಚಿತ ಅನುಕಲ, ಮಕ್ಕಳು ಹೇಳೋ ಡೆಫಿನಿಟ್ ಇಂಟಿಗ್ರಲ್. ಅಂದ್ರೆ ಎರಡು ತುದಿ (ಲಿಮಿಟ್) ಕೊಟ್ಟು, ಅನುಕಲಕ್ಕೆ ಆ ಎರಡನ್ನೂ ಹಾಕಿ ಕಳೆಯೋದು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೀವಿ.

ಮೊದಲನೇದು: 0ಯಿಂದ 2ರವರೆಗೆ 2ಎಕ್ಸ್(ಎಕ್ಸ್² + 1)³. ಎಕ್ಸ್² + 1 ಅನ್ನೋದನ್ನ ಯು ಅಂತ ಇಟ್ಟರೆ 2ಎಕ್ಸ್ ಡಿಎಕ್ಸ್ ಅನ್ನೋದು ಡಿಯು ಆಗುತ್ತೆ. ಒಳಗೆ ಯು³ ಮಾತ್ರ ಉಳಿಯುತ್ತೆ, ಅದರ ಅನುಕಲ ಯು⁴/4. ನಾನು 2 ಹಾಕಿದೆ, 0 ಹಾಕಿದೆ, ಕಳೆದೆ. 16/4, ಅಂದ್ರೆ 4 ಬಂತು. ಮಗಳಿಗೆ 156 ಬಂದಿದೆ. ಪುಸ್ತಕದ ಹಿಂದೆ ಇರೋದೂ 156. ಆದರೆ ಯಾಕೆ ಹಾಗೆ ಅಂದ್ರೆ ಅವಳಿಗೂ ಗೊತ್ತಿಲ್ಲ. "ಲಿಮಿಟ್ ಬದಲಿಸಬೇಕು ಅಂತ ಹೇಳಿದ್ರು ಅಮ್ಮಾ, ಬದಲಿಸಿದೆ" ಅಂತಾಳೆ.

ಎರಡನೇದು: ಸೈನ್ ಎಕ್ಸ್, 0ಯಿಂದ 2ಪೈವರೆಗೆ. ಉತ್ತರ ಸೊನ್ನೆ. ಅನುಕಲ ಅಂದ್ರೆ ಗ್ರಾಫಿನ ಕೆಳಗಿನ ವಿಸ್ತೀರ್ಣ ಅಂತ ಪಾಠದಲ್ಲಿ ಹೇಳಿದ್ದಾರೆ. ಆ ಗ್ರಾಫ್ ಬರೆದರೆ ಎರಡು ಗುಡ್ಡದಷ್ಟು ಜಾಗ ಕಣ್ಣಿಗೆ ಕಾಣುತ್ತೆ. ಕಾಣೋ ಜಾಗದ ವಿಸ್ತೀರ್ಣ ಸೊನ್ನೆ ಹೇಗಾಗುತ್ತೆ?

ಮೂರನೇದು ನಿದ್ದೆ ಕೆಡಿಸಿದ್ದು. ಮಗಳು ತಾನೇ ಒಂದು ಲೆಕ್ಕ ಮಾಡಿಕೊಂಡಿದ್ದಾಳೆ: 1/ಎಕ್ಸ್², ಮೈನಸ್ 1ರಿಂದ 1ರವರೆಗೆ. ಇದರ ಅನುಕಲ ಮೈನಸ್ 1/ಎಕ್ಸ್. 1 ಹಾಕಿದರೆ ಮೈನಸ್ 1, ಮೈನಸ್ 1 ಹಾಕಿದರೆ ಪ್ಲಸ್ 1, ಕಳೆದರೆ ಮೈನಸ್ 2. ಆದರೆ 1/ಎಕ್ಸ್² ಯಾವತ್ತೂ ಋಣ ಆಗೋದೇ ಇಲ್ವಲ್ಲ! ಗ್ರಾಫ್ ಪೂರ್ತಿ ಮೇಲೇ ಇದೆ. ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ "ಫಾರ್ಮುಲಾ ಹಾಕು, ಯಾಕೆ ಅಂತ ಕೇಳ್ತಾ ಕೂತ್ರೆ ಪೋರ್ಷನ್ ಮುಗಿಯಲ್ಲ" ಅಂದ್ರಂತೆ. ಫೋನಲ್ಲಿ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಆ ಪ್ರಶ್ನೆ ಕೇಳಿದ್ದು ಸರಿ ಅಂತ ನನಗನ್ನಿಸ್ತು, ಆದರೆ ಕೊಡೋಕೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

ದಯವಿಟ್ಟು ಉತ್ತರದ ಜೊತೆ ಕಾರಣನೂ ಹೇಳಿ.


ಉತ್ತರ 1: ಭದ್ರಾವತಿಯ ಇಂಜಿನಿಯರಿಂಗ್ ವಿದ್ಯಾರ್ಥಿ

ಅಕ್ಕಾ, ಮೊದಲನೇದು ಸುಲಭ. ಯು = ಎಕ್ಸ್² + 1 ಅಲ್ವಾ? ಎಕ್ಸ್ 0 ಆದಾಗ ಯು 1, ಎಕ್ಸ್ 2 ಆದಾಗ ಯು 5. ಹಾಗಾಗಿ ಯು⁴/4ಕ್ಕೆ 5 ಮತ್ತು 1 ಹಾಕಬೇಕು: 625/4 − 1/4 = 624/4 = 156. ಲಿಮಿಟ್ ಬದಲಿಸೋದು ಇಷ್ಟ ಇಲ್ಲ ಅಂದ್ರೆ ಯು ಜಾಗಕ್ಕೆ ಮತ್ತೆ ಎಕ್ಸ್² + 1 ಹಾಕಿ, ಆಮೇಲೆ 2 ಮತ್ತು 0 ಹಾಕಿ. ಅದೇ 156 ಬರುತ್ತೆ. ಎರಡರಲ್ಲಿ ಒಂದನ್ನ ಪೂರ್ತಿ ಮಾಡಿ, ಅರ್ಧ ಅದು ಅರ್ಧ ಇದು ಮಾಡಬೇಡಿ. ಫಸ್ಟ್ ಸೆಮಿಸ್ಟರ್‌ನಲ್ಲಿ ನಾನೂ ಇದೇ ತಪ್ಪಿಗೆ ಮಾರ್ಕ್ಸ್ ಕಳ್ಕೊಂಡಿದ್ದೆ.


ಪ್ರಶ್ನೆ ಕೇಳಿದವರು

ತಮ್ಮಾ, ಥ್ಯಾಂಕ್ಸ್. ಮಾಡೋದು ಹೇಗೆ ಅಂತ ಈಗ ಗೊತ್ತಾಯ್ತು, ಕೈಯಾರೆ ಮಾಡಿ ನೋಡಿದೆ, ಎರಡೂ ದಾರೀಲಿ 156 ಬಂತು. ಆದರೂ "ಯಾಕೆ" ಅನ್ನೋದು ಇನ್ನೂ ಉಳಿದಿದೆ. 2 ಅಂದ್ರೆ 2 ತಾನೆ? ಯುಗೆ ಹಾಕಿದ ಕೂಡಲೇ ಅದು ಹೇಗೆ ತಪ್ಪಾಗುತ್ತೆ?


ಉತ್ತರ 2: ನಿವೃತ್ತ ಭೂಮಾಪಕ, ತೀರ್ಥಹಳ್ಳಿ

ತಂಗೀ, ನಾನು ಕಾಲೇಜಲ್ಲಿ ಪಾಠ ಹೇಳಿದವನಲ್ಲ. ಜೀವಮಾನವೆಲ್ಲ ಸರ್ವೆ ಕೆಲಸ ಮಾಡಿದವನು. ನಿಮ್ಮ "ಯಾಕೆ"ಗೆ ನನ್ನ ಕೆಲಸದಿಂದಲೇ ಒಂದು ಮಾತು ಹೇಳ್ತೇನೆ.

ಒಂದೇ ತುಂಡು ಜಮೀನಿಗೆ ಹಳೇ ಸರ್ವೆ ನಂಬರ್ ಬೇರೆ, ಹೊಸ ನಂಬರ್ ಬೇರೆ ಇರೋದುಂಟು. ಹೊಸ ನಕ್ಷೆ ಹಿಡ್ಕೊಂಡು ಹಳೇ ನಂಬರ್ ಹುಡುಕಿದ್ರೆ ನಂಬರೇನೋ ಸಿಗುತ್ತೆ, ಆದರೆ ಅದು ಬೇರೆ ಯಾರದ್ದೋ ಗದ್ದೆ. ನೀವು ಮಾಡಿದ್ದು ಅದೇ. 0 ಮತ್ತು 2 ಅನ್ನೋದು ಎಕ್ಸ್ ನಕ್ಷೆಯ ಬಾಂದುಕಲ್ಲು. ಯು ನಕ್ಷೆಗೆ ಬಂದಮೇಲೆ ಅದೇ ಎರಡು ಕಲ್ಲಿನ ನಂಬರ್ 1 ಮತ್ತು 5. ಯು ನಕ್ಷೆಯಲ್ಲಿ 0ಯಿಂದ 2ರವರೆಗೆ ಅಳೆದಿದ್ದೀರಿ, ಅಳತೆ ಸರಿಯಾಗೇ ಇದೆ. ಅಳೆದ ಜಮೀನು ಮಾತ್ರ ನಿಮ್ಮದಲ್ಲ.

ಇನ್ನೊಂದು ಹೇಳ್ಬೇಕು, ಯಾಕೆಂದ್ರೆ ಮಕ್ಕಳು ಅನುಕಲ ಅಂದ್ರೆ ಪರೀಕ್ಷೆಗೆ ಮಾತ್ರ ಅಂದ್ಕೊಳ್ತಾರೆ. ಮಲೆನಾಡಲ್ಲಿ ಚೌಕಾಕಾರದ ಜಮೀನು ಎಲ್ಲಿದೆ ಹೇಳಿ? ಒಂದು ಕಡೆ ಹಳ್ಳ, ಒಂದು ಕಡೆ ಧರೆ. ಹದ್ದುಬಸ್ತಿಗೆ ಹೋದಾಗ ಹಳ್ಳದ ಕಡೆ ಗಡಿ ಹಾವಿನ ಹಾಗೆ ಹೋಗಿರುತ್ತೆ. ಆಗ ನೇರವಾಗಿ ಒಂದು ಗೆರೆಗೆ ಸರಪಳಿ ಎಳೆದು, ಸಮ ದೂರದಲ್ಲಿ ನಿಂತು, ಅಲ್ಲಿಂದ ಹಳ್ಳದ ಅಂಚಿಗೆ ಲಂಬವಾಗಿ ಎಷ್ಟು ಅಡಿ ಅಂತ ಅಳೀತಿದ್ವಿ. ಅದಕ್ಕೆ ಆಫ್‌ಸೆಟ್ ಅಂತೀವಿ.

33 ಅಡಿಗೊಂದರಂತೆ ಐದು ಆಫ್‌ಸೆಟ್ ಹೀಗೆ ಬಂತು ಅಂತ ಇಟ್ಕೊಳ್ಳಿ: 12, 20, 26, 22, 14 ಅಡಿ. ಒಟ್ಟು ಗೆರೆ 132 ಅಡಿ ಉದ್ದ. ಅಕ್ಕಪಕ್ಕದ ಎರಡು ಆಫ್‌ಸೆಟ್ ನಡುವೆ ಅಂಚು ನೇರ ಇದೆ ಅಂತ ಹಿಡಿದ್ರೆ, ಮೊದಲಿನದು ಕೊನೇದು ಕೂಡಿಸಿ ಅರ್ಧ ಮಾಡಿ 13, ಮಧ್ಯದ ಮೂರು ಸೇರಿ 68, ಒಟ್ಟು 81. ಅದನ್ನ 33ರಿಂದ ಗುಣಿಸಿದ್ರೆ 2673 ಚದರ ಅಡಿ. ಗುಂಟೆಗೆ 1089 ಚದರ ಅಡಿ, ಹಾಗಾಗಿ ಸುಮಾರು 2.45 ಗುಂಟೆ. ಅಂಚು ನೇರ ಅಲ್ಲ, ಬಾಗಿದೆ ಅಂತ ಲೆಕ್ಕಕ್ಕೆ ತಗೊಳ್ಳೋ ಸಿಂಪ್ಸನ್ ವಿಧಾನದಲ್ಲಿ ಮೊದಲು-ಕೊನೆ ಒಂದು ಸಲ, ಎರಡನೇದು ನಾಲ್ಕನೇದು ನಾಲ್ಕು ಪಟ್ಟು, ಮಧ್ಯದ್ದು ಎರಡು ಪಟ್ಟು ಕೂಡಿಸಿ, 33ರ ಮೂರನೇ ಒಂದು ಭಾಗದಿಂದ ಗುಣಿಸ್ತೀವಿ. 26 + 168 + 52 = 246, ಅದಕ್ಕೆ 11ರಿಂದ ಗುಣಿಸಿ 2706. ವ್ಯತ್ಯಾಸ ಬರೀ 33 ಚದರ ಅಡಿ, ಅಂದ್ರೆ ಒಂದು ಸಣ್ಣ ಕೋಣೆಗೂ ಸಾಲದು.

ಆಫ್‌ಸೆಟ್‌ಗಳನ್ನ ಇನ್ನೂ ಹತ್ತಿರ ಹತ್ತಿರ ತಗೊಂಡ್ರೆ ಎರಡೂ ಲೆಕ್ಕ ಒಂದೇ ಸಂಖ್ಯೆ ಕಡೆ ಬರುತ್ತೆ. ಆ ಸಂಖ್ಯೆಯೇ ನಿಮ್ಮ ನಿಶ್ಚಿತ ಅನುಕಲ. ಹಳ್ಳಕ್ಕೆ ಫಾರ್ಮುಲಾ ಇಲ್ಲ, ಅದಕ್ಕೇ ನಾವು ಅಳೀತಾ ಕೂರ್ತೀವಿ. ಪುಸ್ತಕದ ಅಂಚಿಗೆ ಫಾರ್ಮುಲಾ ಇದೆ, ಅದಕ್ಕೆ ಎರಡು ತುದಿ ಹಾಕಿದ್ರೆ ಮುಗೀತು. ಅದೆಂಥಾ ದೊಡ್ಡ ಅನುಕೂಲ ಅಂತ ಮಳೇಲಿ ಸರಪಳಿ ಹಿಡಿದವನಿಗೆ ಗೊತ್ತು.


ಉತ್ತರ 3: ನದಿ ಗೇಜ್ ನೋಡುತ್ತಿದ್ದವರು, ಸಾಗರ

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ ಅಮ್ಮಾ. ಹಿನ್ನೀರಿನ ದಂಡೇಲಿದ್ದೀರಿ, ನಿಮಗೆ ಇದು ಬೇಗ ಹಿಡಿಸುತ್ತೆ.

ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನಾ ಬರುತ್ತಲ್ಲ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್ ಅಂತ. ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ಅದು ವೇಗ, ನೀರಿನ ಮೊತ್ತ ಅಲ್ಲ. ಮೊತ್ತ ಬೇಕಂದ್ರೆ ಹೊತ್ತಿನುದ್ದಕ್ಕೂ ಅದನ್ನ ಕೂಡಿಸ್ತಾ ಹೋಗ್ಬೇಕು. ಆ ಕೂಡಿಸೋದೇ ಅನುಕಲ.

ಲೆಕ್ಕಕ್ಕೆ ಅಂತ ಹಿಡೀರಿ: ಬೆಳಗ್ಗೆ ಒಳಹರಿವು 20,000 ಕ್ಯುಸೆಕ್, ಮಳೆ ಜೋರಾಗ್ತಾ ಮಾರನೇ ಬೆಳಗ್ಗೆ 60,000, ನಡುವೆ ಒಂದೇ ಸಮ ಏರಿದೆ. ಟಿ ಅನ್ನೋದು ದಿನ ಆದ್ರೆ ಒಳಹರಿವು 20,000 + 40,000 ಟಿ. ಇದರ ಅನುಕಲ 20,000 ಟಿ + 20,000 ಟಿ². ಟಿಗೆ 1 ಹಾಕಿ, 0 ಹಾಕಿ ಕಳೆದ್ರೆ 40,000. ಒಂದು ದಿನಕ್ಕೆ 86,400 ಸೆಕೆಂಡ್, ಹಾಗಾಗಿ ಬಂದ ನೀರು 345.6 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿ ಅಂದ್ರೆ ಒಂದು ಟಿಎಂಸಿ. ಹಾಗಾದ್ರೆ ಸುಮಾರು ಮೂರೂವರೆ ಟಿಎಂಸಿ ಬಂತು. ಅದೇ ದಿನ 6,000 ಕ್ಯುಸೆಕ್ ಹೊರಗೆ ಬಿಟ್ಟಿದ್ರೆ, ಒಳಹರಿವಿನಿಂದ ಅದನ್ನ ಕಳೆದು ಅನುಕಲ ಮಾಡಿದ್ರೆ 34,000 × 86,400, ಅಂದ್ರೆ ಸುಮಾರು 2.94 ಟಿಎಂಸಿ. ಅದು ಅಣೆಕಟ್ಟಿನಲ್ಲಿ ಉಳಿದ ನೀರು.

ಈಗ ನಿಮ್ಮ ಸೊನ್ನೆಗೆ ಬನ್ನಿ. ಸೈನ್ ಎಕ್ಸ್ ಅನ್ನೋದನ್ನ "ಒಳಹರಿವು ಮೈನಸ್ ಹೊರಹರಿವು" ಅಂತ ನೋಡಿ. 0ಯಿಂದ ಪೈವರೆಗೆ ಬಂದದ್ದು ಜಾಸ್ತಿ, ಅನುಕಲ +2. ಪೈಯಿಂದ 2ಪೈವರೆಗೆ ಹೋದದ್ದು ಜಾಸ್ತಿ, ಅನುಕಲ −2. ಕೊನೆಗೆ ನೀರು ಎಲ್ಲಿತ್ತೋ ಅಲ್ಲೇ ಬಂದು ನಿಂತಿದೆ. ಸೊನ್ನೆ ಅಂದ್ರೆ ಮಟ್ಟ ಬದಲಾಗಿಲ್ಲ ಅಂತ. ನೀರು ಓಡಾಡಲೇ ಇಲ್ಲ ಅಂತ ಅಲ್ಲ. ನಿಮ್ಮ ದಂಡೇಲಿ ಗುರುತಿಗೆ ನೆಟ್ಟ ಗೂಟ ಹೋದ ವರ್ಷದ ಇದೇ ದಿನ ಎಷ್ಟು ಮುಳುಗಿತ್ತೋ ಈ ವರ್ಷವೂ ಅಷ್ಟೇ ಮುಳುಗಿದ್ರೆ, ನಡುವೆ ಒಂದು ಬೇಸಿಗೆ, ಒಂದು ಮಳೆಗಾಲ ಹೋಗಿದೆ ಅಂತ ಗೂಟ ಹೇಳಲ್ಲ.

ಗ್ರಾಫಿನ ಜಾಗದ ವಿಸ್ತೀರ್ಣವೇ ಬೇಕು ಅಂದ್ರೆ ಎರಡು ತುಂಡು ಮಾಡಿ, ಕೆಳಗಿನದ್ದರ ಚಿಹ್ನೆ ತೆಗೆದು ಕೂಡಿಸಬೇಕು. 2 + 2 = 4 ಚದರ ಘಟಕ.

ಇನ್ನೊಂದು ಮಾತು. ಲಿಮಿಟ್ ಇಲ್ಲದ ಅನುಕಲದ ಕೊನೆಗೆ "ಪ್ಲಸ್ ಸಿ" ಅಂತ ಒಂದು ಸ್ಥಿರಾಂಕ ಬರೀತಾರಲ್ಲ, ನಿಶ್ಚಿತ ಅನುಕಲದಲ್ಲಿ ಅದು ಎಲ್ಲಿ ಹೋಯ್ತು ಅಂತ ಮಕ್ಕಳು ಕೇಳ್ತಾರೆ. 1819 ಅಡಿ ಅನ್ನೋದು ಸಮುದ್ರ ಮಟ್ಟದಿಂದ. ಅಣೆಕಟ್ಟಿನ ತಳದಿಂದ ಅಳೆದ್ರೆ ಸಂಖ್ಯೆ ಬೇರೆ ಬರುತ್ತೆ. ಆದರೆ ನಿನ್ನೆಯಿಂದ ಇವತ್ತಿಗೆ ಮೂರು ಅಡಿ ಏರಿದೆ ಅನ್ನೋದು ಎಲ್ಲಿಂದ ಅಳೆದ್ರೂ ಮೂರೇ ಅಡಿ. ಎಲ್ಲಿಂದ ಅಳೀತೀರಿ ಅನ್ನೋದೇ ಸಿ. ಕೊನೇದರಿಂದ ಮೊದಲಿನದು ಕಳೆಯುವಾಗ ಎರಡು ಕಡೆಯ ಸಿಯೂ ಹೊಡೆದುಹೋಗುತ್ತೆ.


ಉತ್ತರ 4: ಪಿಯು ಗಣಿತ ಉಪನ್ಯಾಸಕ, ಶಿವಮೊಗ್ಗ

ಅಮ್ಮಾ, ಮೊದಲು ಮಗಳಿಗೆ ಒಂದು ಮಾತು ಹೇಳಿ: ಮೂರನೇ ಪ್ರಶ್ನೆ ತುಂಬ ಒಳ್ಳೆಯದು. ಉತ್ತರ ಬಂದ ಮೇಲೂ "ಇದು ಹೇಗೆ ಸಾಧ್ಯ" ಅಂತ ನಿಂತು ನೋಡಿದ್ದಾಳಲ್ಲ, 28 ವರ್ಷ ಪಾಠ ಹೇಳಿದ ನನಗೆ ಒಂದು ತರಗತಿಯಲ್ಲಿ ಅಂಥವರು ಇಬ್ಬರು ಮೂವರು ಸಿಕ್ಕಿದರೆ ಹೆಚ್ಚು. ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

1/ಎಕ್ಸ್² ಗ್ರಾಫ್ ಬರೆಯಿರಿ. ಬಲಗಡೆಯಿಂದ ಸೊನ್ನೆಯ ಹತ್ತಿರ ಬರುತ್ತಾ ಅದು ಮೇಲೆ ಮೇಲೆ ಹೋಗುತ್ತದೆ. ಎಕ್ಸ್ 0.1 ಆದಾಗ ಎತ್ತರ 100, 0.01 ಆದಾಗ 10,000. ಸೊನ್ನೆಯಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಭಾಗಿಸಲು ಬರುವುದಿಲ್ಲ. ಎಡಗಡೆಯೂ ಹಾಗೆಯೇ. "ಎರಡು ತುದಿ ಹಾಕಿ ಕಳೆ" ಅನ್ನುವ ನಿಯಮ, ಅಂದರೆ ಕಲನಶಾಸ್ತ್ರದ ಮೂಲಭೂತ ಪ್ರಮೇಯ, ಒಂದು ಷರತ್ತಿನ ಮೇಲೆ ನಿಂತಿದೆ: ಕೆಳಮಿತಿಯಿಂದ ಮೇಲ್ಮಿತಿಯವರೆಗೆ ಆ ಫಂಕ್ಷನ್ ಎಲ್ಲೂ ಕಡಿದುಹೋಗದೆ ನಿರಂತರವಾಗಿರಬೇಕು. ಇಲ್ಲಿ ಮೈನಸ್ 1ರಿಂದ 1ಕ್ಕೆ ಹೋಗುವ ದಾರಿಯ ನಡುವೆ ಸೊನ್ನೆಯಲ್ಲಿ ಸೇತುವೆಯೇ ಇಲ್ಲ. ಈ ದಡ, ಆ ದಡ ಎರಡನ್ನೂ ನೋಡಿ ಕಳೆದರೆ ಒಂದು ಸಂಖ್ಯೆ ಬರುತ್ತದೆ, ಆದರೆ ಅದು ಯಾವುದರ ಅಳತೆಯೂ ಅಲ್ಲ.

ಹಾಗಾದರೆ ನಿಜವಾಗಿ ಏನಾಗುತ್ತದೆ? ಸೊನ್ನೆಯನ್ನು ಮುಟ್ಟದೆ ಹತ್ತಿರ ಹೋಗಿ ನೋಡಲಿ. 0.1ರಿಂದ 1ರವರೆಗೆ ಅನುಕಲ: −1 − (−10) = 9. 0.01ರಿಂದ ಶುರು ಮಾಡಿದರೆ 99. 0.001ರಿಂದ 999. ಎಲ್ಲೂ ನಿಲ್ಲುವುದಿಲ್ಲ. ಆ ಜಾಗಕ್ಕೆ ಮಿತಿಯುಳ್ಳ ವಿಸ್ತೀರ್ಣವೇ ಇಲ್ಲ. ಈ ಮೂರು ಸಾಲನ್ನು ಅವಳ ಕೈಯಲ್ಲೇ ಬರೆಸಿ, ಓದಿ ಹೇಳಬೇಡಿ. 9, 99, 999 ತಾನೇ ಕಂಡಾಗ ಆಗುವ ಸಂತೋಷ ಅವಳದ್ದಾಗಬೇಕು.

ಇನ್ನು 4 ಮತ್ತು 156. ಭೂಮಾಪಕರು ಕಾರಣ ಬಹಳ ಚೆನ್ನಾಗಿ ಹೇಳಿದ್ದಾರೆ, ನಾಳೆಯಿಂದ ತರಗತಿಯಲ್ಲಿ ನಾನೂ ಅದನ್ನೇ ಹೇಳುತ್ತೇನೆ. ನಾನು ಸೇರಿಸುವುದು ಒಂದೇ: ಪುಸ್ತಕದ ಹಿಂದೆ ನೋಡದೆಯೇ 4 ತಪ್ಪು ಅಂತ ನಿಮಗೆ ಗೊತ್ತಾಗಬಹುದಿತ್ತು. ಎಕ್ಸ್ 1 ಆದಾಗ 2ಎಕ್ಸ್(ಎಕ್ಸ್² + 1)³ ಎಷ್ಟು? 2 × 8 = 16. ಅಲ್ಲಿಂದ ಮುಂದೆ ಅದು ಏರುತ್ತಲೇ ಹೋಗುತ್ತದೆ, 2ರ ಹತ್ತಿರ 500. ಅಂದರೆ 1ರಿಂದ 2ರವರೆಗಿನ ಒಂದು ಅಗಲದ ಜಾಗದಲ್ಲಿ ಎತ್ತರ ಎಲ್ಲೂ 16ಕ್ಕಿಂತ ಕಡಿಮೆಯಿಲ್ಲ. ಅಷ್ಟರಲ್ಲೇ ವಿಸ್ತೀರ್ಣ 16ಕ್ಕಿಂತ ಹೆಚ್ಚಾಯಿತು. ಒಟ್ಟು 4 ಹೇಗೆ ಬಂದೀತು? ಅನ್ನ ಬೆಂದಿದೆಯೋ ಇಲ್ಲವೋ ಅಂತ ಒಂದು ಅಗುಳು ಹಿಸುಕಿ ನೋಡುತ್ತೀರಲ್ಲ, ಹಾಗೆ ಎಕ್ಸ್‌ಗೆ ಒಂದು ಬೆಲೆ ಹಾಕಿ ನೋಡುವುದು. ಮಕ್ಕಳು ಇದನ್ನು ಮಾಡುವುದೇ ಇಲ್ಲ, ನನಗೆ ಅದೇ ಬೇಜಾರು. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ.

ಪ್ರಶ್ನೆಯಲ್ಲಿ ಇಲ್ಲದಿದ್ದರೂ ಇನ್ನೊಂದು ಹೇಳಬೇಕು. ಮುಂದಿನ ವಾರ ಅವಳಿಗೆ ಅದೇ ಬರುತ್ತದೆ, ಪರೀಕ್ಷೆಯಲ್ಲೂ ಬರುತ್ತದೆ. 0ಯಿಂದ ಎ ವರೆಗಿನ ಅನುಕಲದಲ್ಲಿ ಎಕ್ಸ್ ಇರುವ ಕಡೆಯೆಲ್ಲ ಎ − ಎಕ್ಸ್ ಹಾಕಿದರೂ ಬೆಲೆ ಬದಲಾಗುವುದಿಲ್ಲ. ಪಾಠದಲ್ಲಿ ಇದನ್ನು ಸಾಧಿಸಿ, ನಂತರ ಬಳಸಿ ಅಂತ ಕೇಳುತ್ತಾರೆ. ಮಕ್ಕಳು ಸಾಧನೆಯನ್ನು ಉರು ಹೊಡೆಯುತ್ತಾರೆ, ಒಂದು ಸಾಲು ಮರೆತರೆ ಎಲ್ಲ ಹೋಯಿತು.

ನಿಮ್ಮ ತೋಟದ ಒಂದು ಸಾಲು ನೆನಪಿಸಿಕೊಳ್ಳಿ. ಮನೆ ಕಡೆಯಿಂದ ಹೊರಟು ಒಂದೊಂದು ಅಡಿಕೆ ಮರದ ಕೊನೆ (ಗೊನೆ) ಎಣಿಸುತ್ತಾ ಆ ತುದಿಯ ಕಾದಿಗೆ (ಕಾಲುವೆ) ತನಕ ಹೋದಿರಿ. ಮಾರನೇ ದಿನ ಕಾದಿಗೆ ಕಡೆಯಿಂದ ಎಣಿಸುತ್ತಾ ಮನೆ ಕಡೆಗೆ ಬಂದಿರಿ. ಒಟ್ಟು ಬದಲಾಗುತ್ತದೆಯೇ? ಮನೆಯಿಂದ ಎಕ್ಸ್ ದೂರದಲ್ಲಿರುವ ಮರ ಕಾದಿಗೆಯಿಂದ ಎ − ಎಕ್ಸ್ ದೂರದಲ್ಲಿದೆ. ಅಷ್ಟೇ ಇದರ ಒಳಗುಟ್ಟು. ಬರವಣಿಗೆಯಲ್ಲಿ ಟಿ = ಎ − ಎಕ್ಸ್ ಅಂತ ಇಟ್ಟರೆ ಡಿಎಕ್ಸ್ ಅನ್ನುವುದು ಮೈನಸ್ ಡಿಟಿ ಆಗುತ್ತದೆ, ಲಿಮಿಟ್ 0ಯಿಂದ ಎ ಅನ್ನುವುದು ಎಯಿಂದ 0 ಆಗುತ್ತದೆ. ಲಿಮಿಟ್ ತಿರುಗಿಸಿದಾಗ ಚಿಹ್ನೆ ಬದಲಾಗುವುದರಿಂದ ಆ ಮೈನಸ್ ಹೋಗಿಬಿಡುತ್ತದೆ. ಕೊನೆಗೆ ಟಿ ಬದಲು ಎಕ್ಸ್ ಬರೆಯಬಹುದು, ಒಳಗಿನ ಅಕ್ಷರ ಯಾವುದಾದರೂ ಮೊತ್ತ ಅದೇ.

ಇದರಿಂದ ಏನು ಲಾಭ ಅಂತ ಕೇಳಿದರೆ ಈ ಲೆಕ್ಕ ನೋಡಿ: 0ಯಿಂದ ಪೈ/2ವರೆಗೆ, ಮೇಲೆ ಸೈನ್ ಎಕ್ಸ್, ಕೆಳಗೆ ಸೈನ್ ಎಕ್ಸ್ + ಕಾಸ್ ಎಕ್ಸ್. ನೇರವಾಗಿ ಅನುಕಲ ಮಾಡಲು ಹೊರಟರೆ ಕಷ್ಟ. ಎಕ್ಸ್ ಬದಲು ಪೈ/2 − ಎಕ್ಸ್ ಹಾಕಿ, ಸೈನ್ ಕಾಸ್ ಆಗುತ್ತದೆ, ಕಾಸ್ ಸೈನ್ ಆಗುತ್ತದೆ. ಮೇಲೆ ಕಾಸ್ ಎಕ್ಸ್ ಬಂತು, ಕೆಳಗೆ ಅದೇ ಮೊತ್ತ ಉಳಿಯಿತು. ಎರಡನ್ನೂ ಕೂಡಿಸಿ: ಮೇಲೂ ಸೈನ್ + ಕಾಸ್, ಕೆಳಗೂ ಸೈನ್ + ಕಾಸ್, ಅಂದರೆ ಒಳಗೆ ಬರೀ 1. 0ಯಿಂದ ಪೈ/2ವರೆಗೆ 1ರ ಅನುಕಲ ಪೈ/2. ನಾವು ಹುಡುಕುವ ಅನುಕಲದ ಎರಡು ಪಟ್ಟು ಅದು. ಹಾಗಾಗಿ ಉತ್ತರ ಪೈ/4. ತೋಟದಲ್ಲಿ ಇದನ್ನು ಹೀಗೆ ನೋಡಿ: ಈ ತುದಿಯ ಮೊದಲ ಮರಕ್ಕೆ ಆ ತುದಿಯ ಮೊದಲ ಮರ ಜೋಡಿ, ಎರಡನೆಯದಕ್ಕೆ ಎರಡನೆಯದು ಜೋಡಿ, ಪ್ರತಿ ಜೋಡಿಯೂ ಸೇರಿ ಸರಿಯಾಗಿ 1. ಒಂದೊಂದು ಮರದ ಬೆಲೆ ಗೊತ್ತಿಲ್ಲದಿದ್ದರೂ ಒಟ್ಟು ಗೊತ್ತಾಯಿತು. ಮೊದಲ ಸಲ ಇದು ಅರ್ಥವಾದ ದಿನ ನಾನು ಹಾಸ್ಟೆಲ್ ರೂಮಿನಲ್ಲಿ ಎದ್ದು ಓಡಾಡಿದ್ದೆ.

ಆ ∫ ಗುರುತಿನ ಬಗ್ಗೆಯೂ ಹೇಳಿಬಿಡುತ್ತೇನೆ, ಮಗಳಿಗೆ ಇಷ್ಟವಾಗಬಹುದು. 1675ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಬಳಕೆಗೆ ತಂದದ್ದು. ಮೊತ್ತ ಅನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಸುಮ್ಮಾ ಅನ್ನುತ್ತಾರೆ, ಅದರ ಮೊದಲ ಅಕ್ಷರವನ್ನೇ ಉದ್ದಕ್ಕೆ ಎಳೆದು ಬರೆದ. ನಮ್ಮ ಸಂಕಲನದ "ಸಂ" ಅಂದುಕೊಂಡರೂ ತಪ್ಪಿಲ್ಲ. ಭೂಮಾಪಕರ ಆಫ್‌ಸೆಟ್, ಸಾಗರದವರ ನೀರು, ನಿಮ್ಮ ಅಡಿಕೆ ಕೊನೆ, ಎಲ್ಲದಕ್ಕೂ ಆ ಒಂದೇ ಗುರುತು ಸಾಕು.

ನಿಮ್ಮ ಮಗಳಿಗೆ ಒಂದು ಲೆಕ್ಕ ಕೊಡುತ್ತೇನೆ. 0ಯಿಂದ ಪೈವರೆಗೆ, ಎಕ್ಸ್ ಗುಣಿಸು ಸೈನ್ ಎಕ್ಸ್. ತೋಟದ ದಾರಿಯಲ್ಲೊಮ್ಮೆ, ಭಾಗಶಃ ಅನುಕಲನದ (ಇಂಟಿಗ್ರೇಶನ್ ಬೈ ಪಾರ್ಟ್ಸ್) ದಾರಿಯಲ್ಲೊಮ್ಮೆ ಮಾಡಲಿ. ಎರಡೂ ಒಂದೇ ಬರಬೇಕು.


ಪ್ರಶ್ನೆ ಕೇಳಿದವರು

ಮೇಷ್ಟ್ರೇ, ತೀರ್ಥಹಳ್ಳಿ ಅಣ್ಣ, ಸಾಗರದವರು, ಭದ್ರಾವತಿ ತಮ್ಮ, ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ. ಬಚ್ಚಲ ಒಲೆ ಬೆಳಕಲ್ಲಿ ಕೂತು ನಿಮ್ಮ ಉತ್ತರಗಳನ್ನೆಲ್ಲ ಆ ಹಳೇ ನೋಟ್‌ಬುಕ್‌ನ ಉಳಿದ ಹಾಳೆಗಳಲ್ಲಿ ಬರ್ಕೊಂಡೆ. 1998ರ ನನ್ನ ಅಕ್ಷರ ಒಂದು ಪುಟ, ಈಗಿನ ಅಕ್ಷರ ಅದರ ಎದುರಿನ ಪುಟ.

ಇವತ್ತು ಬೆಳಗ್ಗೆ ಮಗಳಿಗೆ 9, 99, 999 ಹೇಳಲಿಲ್ಲ. "0.1ರಿಂದ ಶುರು ಮಾಡಿ ನೋಡು, ಆಮೇಲೆ 0.01ರಿಂದ" ಅಂತಷ್ಟೇ ಹೇಳಿದೆ. ಫೋನ್ ಇಡಲಿಲ್ಲ ಅವಳು. ಪೆನ್ನಿನ ಸದ್ದು ಕೇಳ್ತಾ ಇತ್ತು. "ಅಮ್ಮಾ, ತೊಂಬತ್ತೊಂಬತ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು "ಅಮ್ಮಾ, ಇದು ನಿಲ್ಲಲ್ಲ" ಅಂದಳು. ಹಿಂದಿನ ವಾರ ಸಣ್ಣಗಾಗಿದ್ದ ದನಿ ಅದಲ್ಲ. ನಾನು ಧರೆ ಹತ್ತಿರ ನೆನೀತಾ ನಿಂತಿದ್ದೆ, ಒಳಗೆ ಹೋಗೋ ಮನಸ್ಸಾಗಲಿಲ್ಲ.

ಮೇಷ್ಟ್ರು ಕೊಟ್ಟ ಲೆಕ್ಕವನ್ನ ಮಧ್ಯಾಹ್ನದೊಳಗೆ ಮಾಡಿ ಫೋಟೋ ಕಳಿಸಿದ್ದಾಳೆ. ಎಕ್ಸ್ ಬದಲು ಪೈ − ಎಕ್ಸ್ ಹಾಕಿದರೆ ಸೈನ್ ಹಾಗೇ ಉಳಿಯುತ್ತೆ, ಎಕ್ಸ್ ಮಾತ್ರ ಪೈ − ಎಕ್ಸ್ ಆಗುತ್ತೆ. ಎರಡನ್ನ ಕೂಡಿಸಿದರೆ ಎಕ್ಸ್ ಹೊಡೆದುಹೋಗಿ ಪೈ ಗುಣಿಸು ಸೈನ್ ಎಕ್ಸ್ ಉಳೀತು. ಸೈನ್‌ನ ಒಂದು ಗುಡ್ಡದ ವಿಸ್ತೀರ್ಣ 2 ಅಂತ ಸಾಗರದವರು ಹೇಳಿದ್ರಲ್ಲ, ಹಾಗಾಗಿ 2ಪೈ, ಅದರ ಅರ್ಧ ಪೈ. ಭಾಗಶಃ ಅನುಕಲನದಲ್ಲಿ ಮೈನಸ್ ಎಕ್ಸ್ ಕಾಸ್ ಎಕ್ಸ್ + ಸೈನ್ ಎಕ್ಸ್ ಬಂತು, ಪೈ ಹಾಕಿ 0 ಹಾಕಿ ಕಳೆದರೆ ಅದೂ ಪೈ. ಪಕ್ಕದಲ್ಲಿ ಅವಳೇ ಒಂದು ಅಗುಳು ಹಿಸುಕಿ ನೋಡಿದ್ದಾಳೆ: "ಎಕ್ಸ್ ಪೈ/2 ಆದಾಗ ಎತ್ತರ ಸುಮಾರು 1.57, ಅಗಲ 3.14, ಹಾಗಾಗಿ 5ಕ್ಕಿಂತ ಕಡಿಮೆ ಇರಬೇಕು ಅನ್ಸುತ್ತೆ, 3.14 ಸರಿ ಇರಬಹುದು" ಅಂತ. ಎತ್ತರ 1.57 ದಾಟಿ ಸ್ವಲ್ಪ ಬಲಕ್ಕೆ ಇನ್ನೂ ಏರುತ್ತೆ ಅಲ್ವಾ ಮೇಷ್ಟ್ರೇ? 2ರ ಹತ್ತಿರ ಹಾಕಿ ನೋಡಿದೆ, 1.82 ಬಂತು. ಹಾಗಾದ್ರೆ ಅವಳ ಅಂದಾಜನ್ನ ಹೇಗೆ ಗಟ್ಟಿ ಮಾಡೋದು? ಆಫ್‌ಸೆಟ್ ಹಾಕಿ ಸಿಂಪ್ಸನ್ ವಿಧಾನದಲ್ಲಿ ಮಾಡಿದ್ರೆ ಪೈಗೆ ಎಷ್ಟು ಹತ್ತಿರ ಬರುತ್ತೆ ಅಂತ ಭಾನುವಾರ ನಾವಿಬ್ಬರೂ ಮಾಡ್ತೀವಿ. ಅವಳು ನಾಲ್ಕು ಭಾಗ ಮಾಡ್ತಾಳೆ, ನಾನು ಎಂಟು. ಬಂದದ್ದನ್ನ ಇಲ್ಲೇ ಹಾಕ್ತೀನಿ.